ಸಿಡಿಲು, ವಿದ್ಯುತ್ಕಾಂತೀಯ ಆಘಾತ ಮತ್ತು ನಮ್ಮ ಸಂಘದ ಯಂತ್ರಗಳು



ಭರಣಿ, ಕೃತ್ತಿಕೆ ಮಳೆಗಳ ಕಾಲದಲ್ಲಿ ಕಂಪ್ಲಿ, ಹೊಸಪೇಟೆ, ಸಂಡೂರು ಭಾಗದಲ್ಲಿ ಸಂಜೆಯ ಹಾಲು ಸಂಘಕ್ಕೆ ಬರುವ ಹೊತ್ತಿಗೇ ಗುಡುಗು ಸಿಡಿಲು ಸಹ ಬರುವುದುಂಟು. ಹಿಂದೆ ಸಂಘದಲ್ಲಿ ಅಳತೆಯ ಪಾತ್ರೆ, ಲ್ಯಾಕ್ಟೋಮೀಟರ್, ಆಸಿಡ್ ಬಾಟಲಿ ಮತ್ತು ಕೈಯಿಂದ ತಿರುಗಿಸುವ ಯಂತ್ರ ಇರುತ್ತಿದ್ದವು. ಸಿಡಿಲಿನಿಂದ ಅವುಗಳಿಗೆ ಆಗುವುದೇನೂ ಇರಲಿಲ್ಲ. ಈಗ ಎಲೆಕ್ಟ್ರಾನಿಕ್ ತೂಕದ ಯಂತ್ರ, ಹಾಲು ಪರೀಕ್ಷಾ ಯಂತ್ರ, ಕಂಪ್ಯೂಟರ್ ಬಂದಿವೆ. ದೊಡ್ಡ ಸಂಘಗಳಲ್ಲಿ ಸಮೂಹ ಹಾಲು ಶೀತಲೀಕರಣ ಘಟಕ (ಬಿ.ಎಂ.ಸಿ.) ಇದೆ. ಇವುಗಳಿಂದ ಆಗಿರುವ ಅನುಕೂಲ ಎಲ್ಲರಿಗೂ ಗೊತ್ತು. ಆದರೆ ಇವೆಲ್ಲವೂ ಉಗುರಿನಷ್ಟು ಸಣ್ಣ ಚಿಪ್ಪುಗಳನ್ನು ನಂಬಿ ನಡೆಯುವಂಥವು ಎಂಬುದನ್ನು ನಾವು ಮರೆಯುತ್ತೇವೆ.

ಸಿಡಿಲು ನೇರವಾಗಿ ಸಂಘದ ಕಟ್ಟಡಕ್ಕೇ ಬಡಿಯಬೇಕೆಂದಿಲ್ಲ. ದೂರದ ಹೊಲದಲ್ಲಿ ಬಿದ್ದರೂ ಅದರಿಂದ ಹೊರಡುವ ವಿದ್ಯುತ್ಕಾಂತೀಯ ಅಲೆ ಹತ್ತಿರದ ಕರೆಂಟಿನ ತಂತಿಗಳಲ್ಲಿ ಕ್ಷಣಮಾತ್ರ ಭಾರಿ ವೋಲ್ಟೇಜ್ ಎಬ್ಬಿಸುತ್ತದೆ. ತಂತಿ ಉದ್ದವಿದ್ದಷ್ಟೂ ಅದು ಹಿಡಿದುಕೊಳ್ಳುವ ಶಕ್ತಿ ಹೆಚ್ಚು. ಆ ಹೊಡೆತ ತಂತಿಯ ಗುಂಟ ಹರಿದು ಬಂದು ಯಂತ್ರದ ಕಾರ್ಡನ್ನು ಸುಡುತ್ತದೆ. ಫ್ಯೂಸ್ ಹಾರುವುದಕ್ಕೂ ಮೊದಲೇ ಕೆಲಸ ಮುಗಿದಿರುತ್ತದೆ.

ಇದೇ ಸಂಗತಿ ದೊಡ್ಡ ಪ್ರಮಾಣದಲ್ಲಿ ನಡೆದ ಉದಾಹರಣೆಗಳೂ ಇವೆ. 1962ರ ಜುಲೈ 9ರಂದು ಅಮೆರಿಕವು ಪೆಸಿಫಿಕ್ ಸಾಗರದ ಮೇಲೆ ಸುಮಾರು 400 ಕಿ.ಮೀ. ಎತ್ತರದಲ್ಲಿ ಒಂದು ಅಣುಬಾಂಬನ್ನು ಪರೀಕ್ಷಿಸಿತು. ಅಲ್ಲಿಂದ ಸುಮಾರು 1,450 ಕಿ.ಮೀ. ದೂರದ, ಅಂದರೆ ಹೊಸಪೇಟೆಯಿಂದ ದೆಹಲಿಗೆ ಇರುವಷ್ಟು ಅಂತರದ, ಹವಾಯಿ ದ್ವೀಪದಲ್ಲಿ ಸುಮಾರು 300 ಬೀದಿದೀಪಗಳು ಆರಿಹೋದವು. ಯುದ್ಧಕಾಲದಲ್ಲಿ ಇಂತಹ ಆಘಾತದಿಂದ ವಿದ್ಯುತ್ ಜಾಲ, ದೂರವಾಣಿ, ನೀರು ಪೂರೈಕೆಗಳನ್ನು ಕಾಪಾಡುವುದು ಹೇಗೆಂದು ಅನೇಕ ದೇಶಗಳು ಚಿಂತಿಸುತ್ತಿರುವುದು ಆ ಕಾಲದಿಂದಲೇ.

ಬಾಂಬೇ ಬೇಕೆಂದಿಲ್ಲ, ಸೂರ್ಯನೂ ಸಾಕು. 1989ರ ಮಾರ್ಚ್ 13ರಂದು ಸೌರ ಬಿರುಗಾಳಿಯೊಂದು ಕೆನಡಾದ ಕ್ವಿಬೆಕ್ ಪ್ರಾಂತದ ವಿದ್ಯುತ್ ಜಾಲವನ್ನು ಒಂದೂವರೆ ನಿಮಿಷದಲ್ಲಿ ಕೆಡವಿತು. 60 ಲಕ್ಷ ಜನ ಸುಮಾರು 9 ಗಂಟೆ ಕತ್ತಲೆಯಲ್ಲಿ ಕಳೆದರು. ನಮ್ಮ ದೇಶ ಧ್ರುವಗಳಿಂದ ದೂರವಿರುವುದರಿಂದ ಇಂತಹ ಬಿರುಗಾಳಿಯ ಪೆಟ್ಟು ಇಲ್ಲಿ ಬಹಳ ಕಡಿಮೆ. ಆದರೂ 2013ರ ಡಿಸೆಂಬರ್ 31ರಂದು ರಾಯಚೂರು-ಸೊಲ್ಲಾಪುರ 765 ಕೆ.ವಿ. ಮಾರ್ಗದ ಮೂಲಕ ದಕ್ಷಿಣದ ಜಾಲ ಉಳಿದ ದೇಶದ ಜಾಲದೊಂದಿಗೆ ಕೂಡಿಕೊಂಡ ಮೇಲೆ ನಮ್ಮ ಊರಿನ ಕರೆಂಟು ಇಡೀ ದೇಶದ ಕರೆಂಟಿನ ಒಂದು ಎಳೆಯಾಗಿದೆ. ಆ ಜಾಲದ ರಕ್ಷಣೆ ಸರ್ಕಾರದ ಹೊಣೆ. ಸಂಘದ ಗೋಡೆಯ ಮೀಟರ್ ಬೋರ್ಡಿನಿಂದ ಈಚೆಗೆ ಇರುವುದರ ರಕ್ಷಣೆ ನಮ್ಮದೇ.

ಸ್ಟೆಬಿಲೈಸರ್ ಇದೆಯಲ್ಲ, ಇನ್ನೇನು ಭಯ ಎಂದು ಅನೇಕ ಕಾರ್ಯದರ್ಶಿಗಳು ಕೇಳುತ್ತಾರೆ. ಸ್ಟೆಬಿಲೈಸರ್ ನಿಧಾನವಾಗಿ ಏರಿಳಿಯುವ ವೋಲ್ಟೇಜನ್ನು ಸರಿಪಡಿಸುತ್ತದೆಯೇ ಹೊರತು ಸಿಡಿಲಿನ ಹೊಡೆತವನ್ನು ತಡೆಯಲಾರದು. ಅದಕ್ಕೆ ಬೇಕಾದುದು ಸರ್ಜ್ ಅರೆಸ್ಟರ್. ಇದು ಕೆರೆಯ ಕೋಡಿ ಇದ್ದಂತೆ. ನೀರು ಮಟ್ಟದಲ್ಲಿರುವವರೆಗೆ ಕೋಡಿ ಸುಮ್ಮನಿರುತ್ತದೆ, ಮಟ್ಟ ಮೀರಿದ ಕೂಡಲೇ ಹೆಚ್ಚಿನದನ್ನು ಹೊರಗೆ ಬಿಟ್ಟು ಏರಿಯನ್ನು ಉಳಿಸುತ್ತದೆ. ಆದರೆ ಕೋಡಿಯ ಮುಂದೆ ಹಳ್ಳವೇ ಇಲ್ಲದಿದ್ದರೆ ನೀರು ಹೋಗುವುದೆಲ್ಲಿಗೆ? ಆ ಹಳ್ಳವೇ ಅರ್ಥಿಂಗ್. ಅರ್ಥಿಂಗ್ ಸರಿಯಿಲ್ಲದೆ ಎಷ್ಟು ದುಬಾರಿ ಅರೆಸ್ಟರ್ ಹಾಕಿಸಿದರೂ ಹಣ ದಂಡ.

ಅರ್ಥಿಂಗ್ ವಿಷಯದಲ್ಲಿ ನಮ್ಮ ಭಾಗದ ಮಣ್ಣೂ ಒಂದೇ ರೀತಿ ಇಲ್ಲ. ಕಂಪ್ಲಿ ಕಡೆಯ ನೀರಾವರಿ ಎರೆಭೂಮಿಯಲ್ಲಿ ತೇವವಿರುವವರೆಗೆ ಅರ್ಥಿಂಗ್ ಚೆನ್ನಾಗಿರುತ್ತದೆ. ಬೇಸಿಗೆಯಲ್ಲಿ ಕಾಲುವೆ ನಿಂತು ಎರೆ ಬಿರುಕು ಬಿಟ್ಟಾಗ ಅದೇ ಗುಂಡಿ ನಿಷ್ಪ್ರಯೋಜಕವಾಗುತ್ತದೆ. ಮೊದಲ ಸಿಡಿಲು ಬರುವುದೂ ಆ ಒಣ ದಿನಗಳಲ್ಲೇ! ಆದ್ದರಿಂದ ಯುಗಾದಿ ಕಳೆದ ಮೇಲೆ ವಾರಕ್ಕೆ ಎರಡು ಸಲ ಗುಂಡಿಗೆ ನೀರು ಹಾಕುವ ರೂಢಿ ಇರಲಿ. ಹಂಪಿಯ ಬಂಡೆಗಳ ನಡುವೆ, ಸಂಡೂರಿನ ಗುಡ್ಡದ ಸೆರಗಿನಲ್ಲಿ ಒಂದು ಗುಂಡಿ ಸಾಲದೇ ಹೋಗಬಹುದು. ಎರಡು ಮೂರು ಗುಂಡಿ ತೋಡಿಸಿ ಒಂದಕ್ಕೊಂದು ಜೋಡಿಸಬೇಕಾಗುತ್ತದೆ. ಪರವಾನಗಿ ಹೊಂದಿದ ಎಲೆಕ್ಟ್ರಿಷಿಯನ್‌ನಿಂದ ವರ್ಷಕ್ಕೊಮ್ಮೆ ಅಳತೆ ಮಾಡಿಸಿ, 5 ಓಮ್ ಮೀರದಂತೆ ನೋಡಿಕೊಳ್ಳುವುದು ಒಳ್ಳೆಯದು. ಅರೆಸ್ಟರಿನಿಂದ ಗುಂಡಿಗೆ ಹೋಗುವ ತಂತಿ ಆದಷ್ಟು ಗಿಡ್ಡವಾಗಿ, ನೇರವಾಗಿ ಇರಬೇಕು.

ಎಲ್ಲಕ್ಕಿಂತ ಅಗ್ಗದ ಉಪಾಯ ಪ್ಲಗ್ ಕೀಳುವುದು. ಸ್ವಿಚ್ ಆರಿಸಿದರೆ ಸಾಲದು, ಸ್ವಿಚ್ಚಿನ ಸಣ್ಣ ಸಂದನ್ನು ಸಿಡಿಲಿನ ವೋಲ್ಟೇಜ್ ಸುಲಭವಾಗಿ ದಾಟುತ್ತದೆ. ಮಿಂಚು ಕಂಡ 30 ಸೆಕೆಂಡಿನೊಳಗೆ ಗುಡುಗು ಕೇಳಿದರೆ ಸಿಡಿಲು 10 ಕಿ.ಮೀ. ಒಳಗೇ ಇದೆ ಎಂದು ತಿಳಿಯಬೇಕು. ಅದಕ್ಕೂ ಮೊದಲೇ ಪ್ಲಗ್ ಕಿತ್ತಿರಬೇಕು. ನೆತ್ತಿಯ ಮೇಲೆ ಗುಡುಗುವಾಗ ಪ್ಲಗ್ ಮುಟ್ಟಲು ಹೋಗಬೇಡಿರಿ, ಯಂತ್ರಕ್ಕಿಂತ ಜೀವ ದೊಡ್ಡದು. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ‘ಸಿಡಿಲು’ ಮತ್ತು ಪುಣೆಯ ಹವಾಮಾನ ಸಂಸ್ಥೆಯ ‘ದಾಮಿನಿ’ ಎಂಬ ಮೊಬೈಲ್ ಆ್ಯಪ್‌ಗಳು ಮುನ್ಸೂಚನೆ ನೀಡಲೆಂದೇ ರೂಪುಗೊಂಡವು.

ಬಿ.ಎಂ.ಸಿ.ಯನ್ನು ಮಾತ್ರ ಹಾಗೆ ಆರಿಸಿಡಲು ಬರುವುದಿಲ್ಲ. ಆಗ ತಾನೇ ಕರೆದ ಹಾಲು 35 ಡಿಗ್ರಿ ಸೆಂಟಿಗ್ರೇಡ್ ಆಸುಪಾಸಿನಲ್ಲಿರುತ್ತದೆ, ಅದನ್ನು 4 ಡಿಗ್ರಿಗೆ ಇಳಿಸಬೇಕು. ಬಿಸಿಯಲ್ಲಿ ಹೆಚ್ಚು ಹೊತ್ತು ಬಿಟ್ಟರೆ ಸೂಕ್ಷ್ಮಾಣುಗಳು ಬೆಳೆದು ಊರಿನವರ ಹಾಲೆಲ್ಲ ಒಟ್ಟಿಗೇ ಕೆಡುತ್ತದೆ. ಮೋಡ ಕವಿದು ಬಂದಾಗ ಚೇಂಜ್ ಓವರ್ ಸ್ವಿಚ್ಚನ್ನು ಜನರೇಟರ್ ಕಡೆಗೆ ತಿರುಗಿಸಿ ನಡೆಸುವುದು ಉತ್ತಮ. ನ್ಯೂಟ್ರಲ್ ಸಹಿತ ಎಲ್ಲ ತಂತಿಗಳನ್ನೂ ಬೇರ್ಪಡಿಸುವ ಸ್ವಿಚ್ ಇದ್ದರೆ ಹೊರಗಿನ ತಂತಿಯ ಹೊಡೆತ ಒಳಗೆ ಬರುವ ಸಾಧ್ಯತೆ ಬಹುಮಟ್ಟಿಗೆ ತಪ್ಪುತ್ತದೆ. ಡೀಸೆಲ್ ಖರ್ಚೆಂದು ಗೊಣಗುವವರು ಒಂದು ಹೊತ್ತಿನ ಹಾಲಿನ ಬೆಲೆಯನ್ನು ಲೆಕ್ಕ ಹಾಕಿ ನೋಡಬಹುದು. ಈಗಾಗಲೇ ತಣ್ಣಗಾದ ಹಾಲು ಮುಚ್ಚಳ ತೆಗೆಯದಿದ್ದರೆ ಕೆಲವು ಗಂಟೆ ಕೆಡದೆ ಇರುತ್ತದೆ.

ಇಷ್ಟೆಲ್ಲ ಮಾಡಿದರೂ ಒಂದು ದಿನ ಪರೀಕ್ಷಾ ಯಂತ್ರ ಸುಡಬಹುದು. ಆಗ ಸದಸ್ಯರ ಹಾಲಿಗೆ ಬೆಲೆ ಕಟ್ಟುವುದು ಹೇಗೆ? ಅಂದಾಜಿನ ಮೇಲೆ ಜಿಡ್ಡಿನಾಂಶ ಬರೆದರೆ ಜಗಳ ಖಂಡಿತ. ಹಳೆಯ ಗರ್ಬರ್ ಸಾಮಗ್ರಿಯನ್ನು ಗುಜರಿಗೆ ಹಾಕದೆ ಇಟ್ಟುಕೊಳ್ಳಬೇಕೆಂದು ನಾನು ಹೇಳುವುದು ಇದಕ್ಕೇ. 10 ಮಿ.ಲೀ. ಗಂಧಕಾಮ್ಲ, 10.75 ಮಿ.ಲೀ. ಹಾಲು, 1 ಮಿ.ಲೀ. ಅಮೈಲ್ ಆಲ್ಕೋಹಾಲ್, ಈ ಲೆಕ್ಕ ಎಷ್ಟು ಮಂದಿ ಹೊಸ ಪರೀಕ್ಷಕರಿಗೆ ಬಾಯಿಪಾಠವಿದೆ? ತಿಂಗಳಿಗೊಮ್ಮೆ ಕೆಲವು ಮಾದರಿಗಳನ್ನು ಎರಡೂ ವಿಧಾನದಲ್ಲಿ ಪರೀಕ್ಷಿಸಿದರೆ ಕೈ ರೂಢಿಯೂ ಉಳಿಯುತ್ತದೆ, ಯಂತ್ರದ ಸಾಚಾತನವೂ ತಿಳಿಯುತ್ತದೆ. ಪ್ರತಿದಿನದ ಲೆಕ್ಕವನ್ನು ಕಾಗದದ ಮೇಲೂ ತೆಗೆದಿಡಬೇಕು.

ಬಿಡಿ ಕಾರ್ಡು ಇದ್ದರೆ ಬಟ್ಟೆಯಲ್ಲಿ ಸುತ್ತಿ, ಬಿಗಿಯಾದ ಮುಚ್ಚಳದ ಲೋಹದ ಪೆಟ್ಟಿಗೆಯಲ್ಲಿಡಿ. ಲೋಹದ ಹೊದಿಕೆ ಅಲೆಯನ್ನು ಹೊರಗೇ ತಡೆಯುತ್ತದೆ. ಹಾಲಿನ ಕ್ಯಾನು ಸಾಕೇ ಎಂದು ಕೇಳುವವರು ಅದರೊಳಗೆ ಮೊಬೈಲ್ ಇಟ್ಟು ಮುಚ್ಚಳ ಹಾಕಿ ಕರೆ ಮಾಡಿ ನೋಡಿರಿ. ರಿಂಗ್ ಆದರೆ ಮುಚ್ಚಳದ ಸಂದಿನಿಂದ ಅಲೆ ಒಳಗೆ ಬರುತ್ತಿದೆ ಎಂದರ್ಥ.

ಕೊನೆಗೆ ದನಗಳ ವಿಷಯ. ಒಂಟಿ ಮರಕ್ಕೆ ಸಿಡಿಲು ಬಡಿದಾಗ ಕರೆಂಟು ನೆಲದಲ್ಲಿ ಸುತ್ತಲೂ ಹರಡುತ್ತದೆ. ಹಸು ಎಮ್ಮೆಗಳ ಮುಂಗಾಲಿಗೂ ಹಿಂಗಾಲಿಗೂ ಅಂತರ ಹೆಚ್ಚಿರುವುದರಿಂದ ಅದು ಒಂದು ಕಾಲಿನಿಂದ ಏರಿ, ಎದೆಯನ್ನು ಹಾಯ್ದು ಇನ್ನೊಂದರಿಂದ ಇಳಿಯುತ್ತದೆ. ಮರದಡಿ ನಿಂತ ಮನುಷ್ಯ ಬದುಕಿ ದನ ಸಾಯುವುದೂ ಇದರಿಂದಲೇ. ಮೋಡ ಕಟ್ಟಿದಾಗ ಹುಣಸೆ, ಬೇವಿನ ಮರದ ಬುಡದಲ್ಲಾಗಲಿ ತಂತಿಬೇಲಿಯ ಪಕ್ಕದಲ್ಲಾಗಲಿ ದನ ಕಟ್ಟಬೇಡಿರಿ, ಕೊಟ್ಟಿಗೆಗೆ ಹೊಡೆದುಕೊಂಡು ಬನ್ನಿರಿ. ಅನಾಹುತವಾದರೆ ಹೂಳುವುದಕ್ಕೆ ಮುಂಚೆ ಪಶುವೈದ್ಯರಿಗೂ ಗ್ರಾಮ ಆಡಳಿತ ಅಧಿಕಾರಿಗೂ ತಿಳಿಸಿ, ಕಿವಿಯ ಓಲೆ ಕಾಣುವಂತೆ ಫೋಟೋ ತೆಗೆಸಿ, ಮರಣೋತ್ತರ ಪರೀಕ್ಷೆಯ ವರದಿ ಪಡೆದಿಟ್ಟುಕೊಳ್ಳಬೇಕು.