ಎಲೆ, ನೇಗಿಲು, ಪೊರಕೆ

ಇವತ್ತು ಭಾನುವಾರ. ನೀವು ಈ ಪುರವಣಿ ಬಿಡಿಸಿಕೊಂಡು ಕೂತಿರುವ ಹೊತ್ತಿಗೆ ಪಶ್ಚಿಮ ಬಂಗಾಳದ ಶಾಂತಿನಿಕೇತನಕ್ಕೆ ಮಾತ್ರ ಭಾನುವಾರದ ಬಿಡುವಿಲ್ಲ. ಅಲ್ಲಿ ವಾರದ ರಜೆ ಬುಧವಾರ. ಬ್ರಹ್ಮ ಸಮಾಜದ ಮೊದಲ ಸಭೆ ಸೇರಿದ್ದು 1828ರ ಆಗಸ್ಟ್ 20ರಂದು, ಅದು ಬುಧವಾರ. ರವೀಂದ್ರನಾಥ ಠಾಕೂರರ ತಂದೆ ದೇವೇಂದ್ರನಾಥರು ಆ ಸಮಾಜದ ಮುಂದಾಳು. ಹಾಗಾಗಿ ಬುಧವಾರದ ಬೆಳಿಗ್ಗೆ ಬಿಳಿ ಬಟ್ಟೆ ತೊಟ್ಟವರು ಬಣ್ಣದ ಗಾಜಿನ ಉಪಾಸನಾ ಗೃಹದಲ್ಲಿ ಸೇರುತ್ತಾರೆ. 1891ರ ಕಟ್ಟಡ ಅದು. ಒಳಗೆ ವಿಗ್ರಹವಿಲ್ಲ. ಮಂತ್ರ, ಹಾಡು, ನಾಲ್ಕು ಮಾತು, ಅಷ್ಟೇ.

ಇತಿಹಾಸ ಬಹುಮಂದಿಗೆ ಗೊತ್ತಿರುವುದೇ. 1863ರಲ್ಲಿ ದೇವೇಂದ್ರನಾಥರು ಬೋಲ್ಪುರದ ಬಳಿ 20 ಬಿಘಾ ಬಯಲು ನೆಲ ಪಡೆದರು. 1901ರ ಡಿಸೆಂಬರ್ 22ರಂದು ರವೀಂದ್ರರು ಅಲ್ಲಿ ಐವರು ಹುಡುಗರೊಂದಿಗೆ ಶಾಲೆ ತೆರೆದರು. ಇಪ್ಪತ್ತು ವರ್ಷದ ಮೇಲೆ, 1921ರ ಡಿಸೆಂಬರ್ 23ರಂದು, ಅದು ವಿಶ್ವಭಾರತಿಯಾಯಿತು. ಆ ದಿನದ ಸಭೆಯ ಅಧ್ಯಕ್ಷತೆ ವಹಿಸಿದ್ದವರು ಬ್ರಜೇಂದ್ರನಾಥ ಸೀಲ್. ಅದೇ ವರ್ಷ ನಮ್ಮ ಮೈಸೂರು ವಿಶ್ವವಿದ್ಯಾಲಯದ ಉಪಕುಲಪತಿಯಾಗಿ, 1930ರವರೆಗೂ ಅದನ್ನು ನಡೆಸಿದ ಅದೇ ಸೀಲ್. 1951ರಲ್ಲಿ ಕೇಂದ್ರೀಯ ವಿಶ್ವವಿದ್ಯಾಲಯದ ಸ್ಥಾನ, 2023ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಯಲ್ಲಿ ಜಾಗ. ಇಷ್ಟಾದರೂ ಹಳೆಯ ಆಶ್ರಮದ ಆವರಣ ನಡೆದೇ ಸುತ್ತಿ ಬರುವಷ್ಟು ಚಿಕ್ಕದು. ನನ್ನನ್ನು ಸೆಳೆಯುವುದು ಈ ಆವರಣ ತನಗಾಗಿ ಆರಿಸಿಕೊಂಡ ಕುರುಹುಗಳು.

ಘಟಿಕೋತ್ಸವ ಎಂದೊಡನೆ ನಮಗೆ ನೆನಪಾಗುವುದು ಕರಿ ಗೌನು, ಚೌಕದ ಟೋಪಿ. ಈ ನಾಡಿನ ಬಿಸಿಲಿಗೂ ಆ ಉಡುಪಿಗೂ ಯಾವ ನಂಟೂ ಇಲ್ಲ. ಶಾಂತಿನಿಕೇತನದ ಘಟಿಕೋತ್ಸವಕ್ಕೆ ಆಮ್ರಕುಂಜದ ಮಾವಿನ ಮರಗಳ ನೆರಳೇ ಸಭಾಂಗಣ. ಬಿಳಿ ಉಡುಪು, ಹೆಗಲ ಮೇಲೊಂದು ಉತ್ತರೀಯ. ಪದವಿಯ ಗುರುತು ಸಪ್ತಪರ್ಣಿಯ ಎಲೆಗೊಂಚಲು. ಹಿಂದೆ ಅದನ್ನು ಪದವೀಧರರ ಕೈಗೇ ಕೊಡುತ್ತಿದ್ದರು. ಬಂಗಾಳಿಗಳು ಛಾತಿಮ್ ಎನ್ನುವ ಈ ಮರ ನಮಗೇನೂ ಹೊಸದಲ್ಲ. ನಮ್ಮಲ್ಲಿ ಹಾಲೆ ಮರ, ಮದ್ದಾಲೆ, ತುಳುವರಿಗೆ ಪಾಲೆ. ಆಟಿ ಅಮಾವಾಸ್ಯೆಯ ನಸುಕಿನಲ್ಲಿ, ಕತ್ತಿ ತಾಗಿಸದೆ ಕಲ್ಲಿನಿಂದಲೇ ಜಜ್ಜಿ ತೆಗೆದ ತೊಗಟೆಯ ಕಹಿ ಕಷಾಯ ಕುಡಿದು, ಮೇಲೆ ಮೆಂತೆ ಗಂಜಿ ಉಂಡವರು ಕರಾವಳಿಯಲ್ಲಿ ಮನೆಮನೆಯಲ್ಲೂ ಸಿಗುತ್ತಾರೆ. ಒಂದೊಂದು ಸುತ್ತಿಗೆ ಸಾಮಾನ್ಯವಾಗಿ ಏಳು ಎಲೆ. ಮರ ಮೆದು, ಹಿಂದೆ ಶಾಲೆಯ ಮಕ್ಕಳಿಗೆ ಬರೆಯುವ ಹಲಗೆ ಮಾಡುತ್ತಿದ್ದುದೂ ಇದರಿಂದಲೇ.

ಬಯಲಿನಲ್ಲಿ ಒಂಟಿಯಾಗಿ ನಿಂತಿದ್ದ ಎರಡು ಛಾತಿಮ್ ಮರಗಳ ಕೆಳಗೆ ದೇವೇಂದ್ರನಾಥರು ಧ್ಯಾನಕ್ಕೆ ಕೂತರು ಎಂಬುದರಿಂದ ಈ ಊರಿನ ಕಥೆ ಶುರುವಾಗುತ್ತದೆ. ಆ ಜಾಗಕ್ಕೆ ಇಂದಿಗೂ ಛಾತಿಮ್‌ತಲಾ ಎಂದೇ ಹೆಸರು. ಮೂಲದ ಮರಗಳು ಸತ್ತುಹೋದವು. ಅಲ್ಲೇ ಬೇರೆ ಸಸಿ ನೆಟ್ಟು ಬೆಳೆಸಿದ್ದಾರೆ. ಪದವೀಧರರ ಕೈಗೆ ಬರುತ್ತಿದ್ದ ಎಲೆಯಾದರೂ ಅಷ್ಟೇ, ಊರು ಮುಟ್ಟುವಷ್ಟರಲ್ಲಿ ಬಾಡುತ್ತಿತ್ತು. ಬಾಡುವ ವಸ್ತುವನ್ನೇ ಪದವಿಯ ಗುರುತಾಗಿ ಆರಿಸಿದವರ ಧೈರ್ಯ ದೊಡ್ಡದು. ಇಲ್ಲಿನ ಕುರುಹುಗಳಲ್ಲಿ ಹೆಚ್ಚಿನವು ಹೀಗೆ ವರ್ಷವರ್ಷವೂ ಕೈಯಾರೆ ಹೊಸದಾಗಿ ಮಾಡಬೇಕಾದವು.

ಮರದಡಿಯ ತರಗತಿಗಳ ಚಿತ್ರವನ್ನು ಎಲ್ಲರೂ ನೋಡಿರುತ್ತಾರೆ. ಮಕ್ಕಳು ಆಸನ ಹಿಡಿದು ಬಂದು ನೆಲದ ಮೇಲೆ ಕೂರುತ್ತಾರೆ. ಮೇಷ್ಟರನ್ನು ಕರೆಯುವುದು ಹೆಸರಿಗೆ ‘ದಾ’ ಸೇರಿಸಿ, ಮೇಡಂಗಳಾದರೆ ‘ದಿ’, ಅಂದರೆ ಅಣ್ಣ, ಅಕ್ಕ. ಶಿಲ್ಪಿ ರಾಮಕಿಂಕರ್ ಬೈಜ್ ಎಲ್ಲರಿಗೂ ಕಿಂಕರ್‌ದಾ. ಹಬ್ಬಗಳ ಬೆಳಗಿನ ಜಾವ ಹಾಡುತ್ತಾ ಆಶ್ರಮ ಸುತ್ತುವ ವೈತಾಲಿಕದಲ್ಲಿ ಈ ಅಣ್ಣ, ಅಕ್ಕ, ತಮ್ಮ, ತಂಗಿಯರೆಲ್ಲ ಒಟ್ಟಿಗಿರುತ್ತಾರೆ. ಸಮಾರಂಭ ಯಾವುದೇ ಇರಲಿ, ನೆಲದ ಮೇಲೆ ಅಲ್ಪನಾ ಬೀಳಲೇಬೇಕು. ಬಂಗಾಳದ ಹೆಂಗಸರ ಮನೆಯಂಗಳದ ಈ ಕಲೆಯನ್ನು ಕಲಿಸಲೆಂದು ಕಲಾಭವನಕ್ಕೆ ಸುಕುಮಾರಿ ದೇವಿ ಎಂಬ ವಿಧವೆಯನ್ನು ಶಿಕ್ಷಕಿಯಾಗಿ ಕರೆತಂದರು. ಮನೆಯಂಗಳದಲ್ಲಿ ಕಲಿತ ವಿದ್ಯೆಯನ್ನೇ ಅರ್ಹತೆಯೆಂದು ಒಪ್ಪಿದ್ದು ಆ ಕಾಲಕ್ಕೆ ಸಣ್ಣ ಮಾತಲ್ಲ.

ಮಳೆಗಾಲದ ಎರಡು ದಿನಗಳ ಬಗ್ಗೆ ಸ್ವಲ್ಪ ನಿಧಾನಿಸಿ ಹೇಳಬೇಕು. 1928ರ ಜುಲೈಯಲ್ಲಿ ರವೀಂದ್ರರು ವೃಕ್ಷಾರೋಪಣ ಎಂಬ ಉತ್ಸವ ಆರಂಭಿಸಿದರು. ಸಸಿಯನ್ನು ಹೂವಿನಿಂದ ಸಿಂಗರಿಸಿದ ಪಲ್ಲಕ್ಕಿಯಲ್ಲಿ ಕೂರಿಸಿ, ಹಾಡುತ್ತಾ ಕುಣಿಯುತ್ತಾ ಮೆರವಣಿಗೆಯಲ್ಲಿ ತರುತ್ತಾರೆ. ಮಣ್ಣು, ನೀರು, ಬೆಳಕು, ಗಾಳಿ, ಆಕಾಶಗಳ ಪಾತ್ರ ಹೊತ್ತ ಮಕ್ಕಳು ಸಸಿಯನ್ನು ಎದುರುಗೊಳ್ಳುತ್ತಾರೆ. ಈ ಉತ್ಸವ ಈಗ ನಡೆಯುವುದು ಬಂಗಾಳಿ ಶ್ರಾವಣದ 22ರಂದು. 1941ರಲ್ಲಿ ಕವಿ ತೀರಿಕೊಂಡ ದಿನ ಅದು. ಗುರುವಿನ ತಿಥಿಯ ದಿನವೇ ಸಸಿಗೆ ಪಲ್ಲಕ್ಕಿ ಸೇವೆ! ಪ್ರತಿಮೆಗೆ ಹಾರ ಹಾಕಿ ಮುಗಿಸುವುದಕ್ಕಿಂತ ಎಷ್ಟು ಮೇಲಾದ ಸ್ಮರಣೆ ಇದು.

ಮರುದಿನ ಶ್ರೀನಿಕೇತನದಲ್ಲಿ ಹಲಕರ್ಷಣ, ಅಂದರೆ ನೇಗಿಲ ಹಬ್ಬ. 1922ರಲ್ಲಿ ಲೆನಾರ್ಡ್ ಎಲ್ಮ್‌ಹರ್ಸ್ಟ್ ಎಂಬ ಇಂಗ್ಲಿಷ್ ಕೃಷಿತಜ್ಞನ ನೆರವಿನಿಂದ ಕಟ್ಟಿದ ಗ್ರಾಮ ಪುನರುಜ್ಜೀವನದ ಕೇಂದ್ರ ಅದು. ಅಲ್ಪನಾ ಬರೆದ ನೆಲ, ಸಿಂಗರಿಸಿದ ಎತ್ತು, ನೇಗಿಲು. ಮೊದಲ ಹಬ್ಬದಲ್ಲಿ ರವೀಂದ್ರರೇ ನೇಗಿಲು ಹಿಡಿದರು. ಆ ದೃಶ್ಯವನ್ನು ನಂದಲಾಲ್ ಬೋಸ್ ಶ್ರೀನಿಕೇತನದ ಗೋಡೆಯ ಮೇಲೆ ಚಿತ್ರಿಸಿದರು. ಯುಗಾದಿಗೆ ಹೊನ್ನಾರು ಕಟ್ಟುವ ನಮ್ಮ ಹಳ್ಳಿಗಳವರಿಗೆ ಇದನ್ನು ವಿವರಿಸಿ ಹೇಳಬೇಕಿಲ್ಲ. ಒಂದು ವಿಶ್ವವಿದ್ಯಾಲಯ ಇದನ್ನು ತನ್ನ ಹಬ್ಬವೆಂದು ಒಪ್ಪಿಕೊಂಡಿತಲ್ಲ, ಅದು ವಿಶೇಷ.

ಇವೆಲ್ಲಕ್ಕಿಂತ ನನ್ನ ಮನಸ್ಸಿಗೆ ಹತ್ತಿರದ್ದು ಮಾರ್ಚ್ 10ರ ಗಾಂಧಿ ಪುಣ್ಯಾಹ. ಗಾಂಧೀಜಿಯ ದಕ್ಷಿಣ ಆಫ್ರಿಕದ ಫೀನಿಕ್ಸ್ ಆಶ್ರಮದ ಹುಡುಗರಿಗೆ ಶಾಂತಿನಿಕೇತನ ಆಶ್ರಯ ಕೊಟ್ಟಿತ್ತು. ಅವರನ್ನು ಕಾಣಲು 1915ರಲ್ಲಿ ಬಂದ ಗಾಂಧೀಜಿ, ಸಂಬಳದ ಅಡುಗೆಯವರೇಕೆ, ನೀವೇ ಏಕೆ ಬೇಯಿಸಿಕೊಳ್ಳಬಾರದು ಎಂದು ಕೇಳಿಬಿಟ್ಟರು. ಮೇಷ್ಟರುಗಳಿಗೆ ಒಪ್ಪಿಗೆಯಾದರೆ ತಮಗೂ ಸಂತೋಷ ಎಂದರು ರವೀಂದ್ರರು. ಸ್ವರಾಜ್ಯದ ಕೀಲಿಕೈ ಇದರಲ್ಲೇ ಇದೆ ಎಂದೂ ಹುಡುಗರಿಗೆ ಹೇಳಿದರಂತೆ. ಬೆಳಗಾವಿ ಸೀಮೆಯ ನಂಟಿದ್ದ ಕಾಕಾ ಕಾಲೇಲ್ಕರ್ ಆಗ ಅಲ್ಲೇ ಇದ್ದರು, ಅವರೂ ಕೈಜೋಡಿಸಿದರು. ಕೆಲವರು ತರಕಾರಿ ಹೆಚ್ಚಿದರು, ಕೆಲವರು ಕಾಳು ಕೇರಿದರು, ಇನ್ನು ಕೆಲವರು ಅಡುಗೆಮನೆಯ ಸುತ್ತಲಿನ ಕೊಳೆ ಬಳಿದರು. ಪಾತ್ರೆ ತಿಕ್ಕುವವರಿಗೆ ಬೇಸರವಾಗದಿರಲೆಂದು ಪಕ್ಕದಲ್ಲಿ ಕೂತು ಕೆಲವು ಹುಡುಗರು ಸಿತಾರ್ ನುಡಿಸುತ್ತಿದ್ದರು ಎಂದು ಗಾಂಧೀಜಿ ಆತ್ಮಕಥೆಯಲ್ಲಿ ನೆನೆದಿದ್ದಾರೆ.

ಪ್ರಯೋಗ ಬಹಳ ದಿನ ನಡೆಯಲಿಲ್ಲ. ಕೆಲವರು ಬೇಗನೆ ದಣಿದರು, ಅಡುಗೆಯವರು ಹಿಂತಿರುಗಿದರು. ಆದರೂ ಶಾಂತಿನಿಕೇತನ ಅದನ್ನು ಸೋಲೆಂದು ಮರೆಯದೆ ವರ್ಷಕ್ಕೊಂದು ದಿನವಾಗಿ ಉಳಿಸಿಕೊಂಡಿತು. ಆ ದಿನ ಅಡುಗೆಯವರಿಗೆ, ಗುಡಿಸುವವರಿಗೆ ಬಿಡುವು. ಪೊರಕೆ, ಸೌಟು ವಿದ್ಯಾರ್ಥಿಗಳ ಮತ್ತು ಅಧ್ಯಾಪಕರ ಕೈಯಲ್ಲಿ.

ಹೊರಗಿನ ಲೋಕಕ್ಕೆ ಹೆಚ್ಚು ಪರಿಚಯವಿರುವುದು ಹಳದಿ ಸೀರೆಗಳ ವಸಂತೋತ್ಸವ ಮತ್ತು ಪೌಷ ಮೇಳ. ಅವುಗಳ ಹೆಸರು ದೊಡ್ಡದಾದಂತೆ ನೂಕುನುಗ್ಗಲೂ ಹೆಚ್ಚಿತು, ಆವರಣಕ್ಕೆ ಗೋಡೆ, ಬೇಲಿಗಳೂ ಬಂದವು. ಇದು ನೋವಿನ ಸಂಗತಿಯೇ. ನನ್ನ ಕೇಳಿದರೆ ಡಿಸೆಂಬರ್ ಮೊದಲೆರಡು ದಿನದ ನಂದನ ಮೇಳ ನೋಡಿ ಎನ್ನುತ್ತೇನೆ. ನಂದಲಾಲರ ಹುಟ್ಟುಹಬ್ಬಕ್ಕೆ ಮೊದಲು ಕಲಾಭವನದ ಹುಡುಗರೂ ಮೇಷ್ಟರೂ ತಮ್ಮ ಕೈಯಾರೆ ಮಾಡಿದ್ದನ್ನು ಮಾರಿ, ಆ ಹಣವನ್ನು ಕಷ್ಟದಲ್ಲಿರುವ ವಿದ್ಯಾರ್ಥಿಗಳ ನೆರವಿನ ನಿಧಿಗೆ ಸೇರಿಸುತ್ತಾರೆ.

ನಮ್ಮ ಕಾಲೇಜುಗಳ ಪ್ರಾಂಶುಪಾಲರಲ್ಲಿ, ವಿದ್ಯಾರ್ಥಿ ಸಂಘಗಳಲ್ಲಿ ಒಂದು ಬಿನ್ನಹ. ಬರುವ ಮಾರ್ಚ್ 10ರಂದು ಹಾಸ್ಟೆಲಿನ ಅಡುಗೆಯವರಿಗೂ ಶೌಚಾಲಯ ತೊಳೆಯುವವರಿಗೂ ಸಂಬಳ ಸಹಿತ ರಜೆ ಕೊಡಿ. ಅವರ ಕೆಲಸವನ್ನು ನೀವೇ ಮಾಡಿ, ಮಧ್ಯಾಹ್ನ ಅವರನ್ನು ಊಟಕ್ಕೆ ಕರೆದು ಮೊದಲ ಪಂಕ್ತಿಯಲ್ಲಿ ಕೂರಿಸಿ ನೀವೇ ಬಡಿಸಿ.