ಜುಮಾ ಖುತ್ಬಾ ಸಾರಾಂಶ: ವುಝೂ ವೇಳೆ ಡಯಾಲಿಸಿಸ್ ಕೈಯನ್ನೂ ಮುಟ್ಟಿ ನೋಡಿ

ಶರೀರ ಅಲ್ಲಾಹನು ನಮಗೆ ಒಪ್ಪಿಸಿದ ಅಮಾನತ್. ಅದಕ್ಕೆ ಚಿಕಿತ್ಸೆ ಮಾಡಿಸುವುದು ತವಕ್ಕುಲ್‌ಗೆ ವಿರುದ್ಧವಲ್ಲ.

ತುಮಕೂರು, ಗುಬ್ಬಿ, ಕುಣಿಗಲ್ ಕಡೆಯ ನಮ್ಮ ಎಷ್ಟೋ ಮನೆಗಳಲ್ಲಿ ಡಯಾಲಿಸಿಸ್ ಮಾಡಿಸಿಕೊಳ್ಳುವವರಿದ್ದಾರೆ. 2016ರಲ್ಲಿ ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮ ಆರಂಭವಾದ ಮೇಲೆ ಬಡವರಿಗೆ ಸರ್ಕಾರಿ ಆಸ್ಪತ್ರೆಗಳಲ್ಲಿ ಇದು ಉಚಿತ. ಆದರೆ ಯಂತ್ರವಿದ್ದರೆ ಸಾಲದು, ರಕ್ತ ಹೋಗಿಬರುವ ದಾರಿಯೂ ತೆರೆದಿರಬೇಕು. ಆ ದಾರಿಯೇ ಫಿಸ್ಟುಲಾ. ಮಣಿಕಟ್ಟು ಅಥವಾ ಮೊಣಕೈ ಬಳಿ ಶುದ್ಧ ರಕ್ತದ ನಾಳವನ್ನು ಅಶುದ್ಧ ರಕ್ತದ ನಾಳಕ್ಕೆ ಸೇರಿಸಿ ಇದನ್ನು ಮಾಡುತ್ತಾರೆ. ಕಾಲಕ್ರಮೇಣ ನಾಳ ಒಳಗೊಳಗೇ ಕಿರಿದಾಗಬಹುದು. ಗಮನಿಸದಿದ್ದರೆ ರಕ್ತ ಹೆಪ್ಪುಗಟ್ಟಿ ಪೂರ್ತಿ ಮುಚ್ಚಿಹೋಗುತ್ತದೆ.

ನಮ್ಮ ಜಮಾಅತ್‌ನ ಹಿರಿಯರೊಬ್ಬರಿಗೆ ಸೂಜಿ ತೆಗೆದ ಮೇಲೆ ರಕ್ತ ನಿಲ್ಲಲು ದಿನೇ ದಿನೇ ಹೆಚ್ಚು ಹೊತ್ತು ಹಿಡಿಯುತ್ತಿತ್ತು. "ವಯಸ್ಸಾಯ್ತಲ್ಲ ಹಜ್ರತ್" ಎಂದು ಸುಮ್ಮನಿದ್ದರು. ಒಂದು ಬೆಳಿಗ್ಗೆ ಫಿಸ್ಟುಲಾ ನಿಂತೇ ಹೋಯಿತು. ಕುತ್ತಿಗೆಗೆ ನಳಿಕೆ ಹಾಕಿಸಿಕೊಂಡು, ಮತ್ತೊಂದು ಕೈಗೆ ಆಪರೇಷನ್ ಮಾಡಿಸಬೇಕಾಯಿತು.

ವುಝೂವಿನಲ್ಲಿ ದಿನಕ್ಕೆ ಐದು ಸಲ ಮೊಣಕೈವರೆಗೆ ಕೈ ತೊಳೆಯುತ್ತೇವೆ. ಆಗಲೇ ಫಿಸ್ಟುಲಾ ಮೇಲೆ ಬೆರಳಿಟ್ಟು ನೋಡಿ. ಬೆಕ್ಕು ಗುರುಗುಟ್ಟುವಂತೆ ಸಣ್ಣ ಕಂಪನ ಸಿಗಬೇಕು. ಕಂಪನ ಕಡಿಮೆಯಾಗಿ ಬರೀ ನಾಡಿಯಂತೆ ಜೋರಾಗಿ ಬಡಿಯುತ್ತಿದ್ದರೆ, ಕಿವಿಯಿಟ್ಟಾಗ ಸಿಳ್ಳೆಯಂಥ ಸದ್ದು ಕೇಳಿದರೆ, ಕೈ ಊದಿದರೆ, ಸೂಜಿ ಚುಚ್ಚಲು ಕಷ್ಟವಾಗುತ್ತಿದ್ದರೆ ನಾಳ ಕಿರಿದಾಗಿರಬಹುದು. ಕೈಯನ್ನು ತಲೆಗಿಂತ ಮೇಲೆತ್ತಿ. ಉಬ್ಬಿದ ನಾಳ ಸ್ವಲ್ಪವೂ ಇಳಿಯದಿದ್ದರೆ ಅದೂ ಸಂಶಯದ ಗುರುತೇ.

ಇಂಥದ್ದು ಕಂಡರೆ ಮುಂದಿನ ಡಯಾಲಿಸಿಸ್‌ಗೆ ಮೊದಲೇ ಡಾಕ್ಟರಿಗೆ ತಿಳಿಸಿ. ಡಾಪ್ಲರ್ ಸ್ಕ್ಯಾನ್‌ನಲ್ಲಿ ಕಿರಿದಾದ ಜಾಗ ಕಾಣುತ್ತದೆ. ಬೇಗ ಹೋದರೆ ಬಲೂನಿನಿಂದ ಹಿಗ್ಗಿಸಲು ಸಾಧ್ಯ. ಕಂಪನ ಪೂರ್ತಿ ನಿಂತಿದ್ದರೆ ನಾಳೆಗೆ ಬಿಡಬೇಡಿ, ಅಂದೇ ಹೊರಡಿ.

ಆ ಕೈಗೆ ಬಿಗಿಯಾದ ಬಳೆ, ಗಡಿಯಾರ ಬೇಡ. ಬಿಪಿ ನೋಡಲು, ರಕ್ತ ತೆಗೆಯಲು ಇನ್ನೊಂದು ಕೈ ಕೊಡಿ. ವುಝೂ ಮುರಿದೀತೆಂಬ ಭಯದಿಂದ ಬ್ಯಾಂಡೇಜನ್ನು ಗಂಟೆಗಟ್ಟಲೆ ಬಿಗಿದಿಡಬೇಡಿ. ಒದ್ದೆ ಮಾಡಬಾರದೆಂದು ಡಾಕ್ಟರು ಹೇಳಿದ್ದರೆ ಪಟ್ಟಿಯ ಮೇಲೆ ಮಸಹ್ ಮಾಡಿದರೆ ಸಾಕು. ಶರೀಅತ್ ರೋಗಿಗೆ ಸುಲಭ ಮಾಡಿದೆ.

ಮನೆಯವರೇ, ಅಬ್ಬಾ ಅಮ್ಮಿಯ ಕೈಯನ್ನು ನೀವೂ ದಿನಕ್ಕೊಮ್ಮೆ ಮುಟ್ಟಿ ನೋಡಿ. ಅದೂ ಖಿದ್ಮತ್. ಅಲ್ಲಾಹನು ಎಲ್ಲ ರೋಗಿಗಳಿಗೆ ಶಿಫಾ ಕರುಣಿಸಲಿ, ಆಮೀನ್.