ಸ್ನೇಹಕೂಟದ ಆಟಗಳು: ಆಯ್ಕೆಯಲ್ಲಿ ಇರಬೇಕಾದ ವಿವೇಕ

ಹೊರನಾಡಿನ ಕನ್ನಡ ಸಂಘಗಳ ಕಾರ್ಯಕ್ರಮಗಳಲ್ಲಿ ಭಾಷಣ, ಸಂಗೀತ, ನಾಟಕ, ಭೋಜನಗಳ ಜೊತೆಗೆ ಆಟಗಳಿಗೂ ಒಂದು ಸ್ಥಾನವಿದೆ. ರಾಜ್ಯೋತ್ಸವದ ಕೂಟವಿರಲಿ, ಸಂಕ್ರಾಂತಿಯ ಎಳ್ಳು ಬೀರುವ ಸಂಜೆಯಿರಲಿ, ವನಭೋಜನವಿರಲಿ, ಊಟಕ್ಕೆ ಮುನ್ನ ಒಂದು ಗಂಟೆಯ ಕಾಲ ಕುರ್ಚಿಯಾಟವೋ ತಂಬೋಲವೋ ನಡೆದೇ ನಡೆಯುತ್ತದೆ. ಯಾವ ಆಟವೆಂಬುದನ್ನು ನಿರ್ಧರಿಸುವ ಹೊಣೆ ಮಾತ್ರ ಸಮಿತಿಯ ಅತ್ಯಂತ ಕಿರಿಯ ಸದಸ್ಯರಿಗೆ ಹಿಂದಿನ ದಿನ ಸಂಜೆ ಬೀಳುತ್ತದೆ. ಭೋಜನದ ಪಟ್ಟಿಗೆ ಮೂರು ಸಭೆಗಳು, ಆಟಕ್ಕೆ ಮೂರು ನಿಮಿಷವೂ ಇಲ್ಲ! ಆರೋಗ್ಯದ ದೃಷ್ಟಿಯಿಂದ ನೋಡಿದರೆ ಈ ಉದಾಸೀನ ಸರಿಯಾದುದಲ್ಲ.

ಕೂಟಕ್ಕೆ ಬರುವವರು ಯಾರು ಎಂಬುದನ್ನು ಮೊದಲು ಗಮನಿಸಬೇಕು. ಧಾರವಾಡದಿಂದಲೋ ಹಾಸನದಿಂದಲೋ ಮಗನ ಮನೆಗೆ ಬಂದು, ಪುಣೆಯ ಬಹುಮಹಡಿ ಕಟ್ಟಡದಲ್ಲಿ ಹಗಲೆಲ್ಲ ಒಬ್ಬರೇ ಕುಳಿತಿರುವ ವೃದ್ಧರು. ಮದುವೆಯಾಗಿ ಬಂದು ಇನ್ನೂ ನೆರೆಹೊರೆಯ ಭಾಷೆ ಹಿಡಿತಕ್ಕೆ ಸಿಗದ ಸೊಸೆ. ನೌಕರಿಗೆಂದು ಹೈದರಾಬಾದಿನ ಒಂಟಿ ಕೋಣೆಯಲ್ಲಿರುವ ತರುಣ. ಇವರಿಗೆ ಆ ಸಂಜೆ ಮೂರು ತಾಸು ಕನ್ನಡ ಕಿವಿಗೆ ಬೀಳುತ್ತದೆ, ನಿಜ. ಆದರೆ ಕೇಳುವುದು ಬೇರೆ, ಆಡುವುದು ಬೇರೆ. ಹಳಬರು ಹಳಬರ ಪಕ್ಕದಲ್ಲಿ ಕೂರುತ್ತಾರೆ. ಹೊಸಬರು ಊಟ ಮುಗಿಸಿ, ಯಾರೊಡನೆಯೂ ಎರಡು ಮಾತಿಲ್ಲದೆ ಕೊನೆಯ ಬಸ್ಸು ಹಿಡಿಯುತ್ತಾರೆ. ಮರುವರ್ಷ ಅವರು ಬಾರದಿದ್ದರೆ ಆಶ್ಚರ್ಯಪಡುವಂತಿಲ್ಲ.

ಒಂಟಿತನವು ಕೇವಲ ಮನಸ್ಸಿನ ಬೇಸರವಲ್ಲ, ದೇಹಕ್ಕೂ ತಗಲುವ ಬಾಧೆ ಎಂಬುದು ಈಗ ವೈದ್ಯಲೋಕಕ್ಕೆ ಸ್ಪಷ್ಟವಾಗಿದೆ. ೧೪೮ ಅಧ್ಯಯನಗಳನ್ನು, ಅಂದರೆ ಮೂರು ಲಕ್ಷಕ್ಕೂ ಮಿಕ್ಕಿದ ಜನರ ವಿವರಗಳನ್ನು, ಒಟ್ಟುಗೂಡಿಸಿ ೨೦೧೦ರಲ್ಲಿ ಪ್ರಕಟವಾದ ವಿಶ್ಲೇಷಣೆಯೊಂದರಲ್ಲಿ, ಗಟ್ಟಿಯಾದ ಸ್ನೇಹಸಂಬಂಧಗಳುಳ್ಳವರು ಬದುಕುಳಿಯುವ ಸಂಭವ ಉಳಿದವರಿಗಿಂತ ಶೇಕಡಾ ೫೦ರಷ್ಟು ಹೆಚ್ಚೆಂದು ಕಂಡುಬಂದಿತು. ೨೦೨೩ರಲ್ಲಿ ಅಮೆರಿಕದ ಸರ್ಜನ್ ಜನರಲ್ ಆಗಿದ್ದ ಡಾ. ವಿವೇಕ್ ಮೂರ್ತಿಯವರು ಒಂಟಿತನವನ್ನೇ ಕುರಿತು ರಾಷ್ಟ್ರಕ್ಕೆ ಎಚ್ಚರಿಕೆಯ ಪ್ರಕಟಣೆ ಹೊರಡಿಸಿದರು. ಅವರ ಮನೆತನದ ಮೂಲ ಮಂಡ್ಯ ಜಿಲ್ಲೆಯ ಹಲ್ಲೆಗೆರೆ ಎಂಬುದು ಕನ್ನಡಿಗರಿಗೆ ತಿಳಿದ ಸಂಗತಿ. ವಿಶ್ವ ಆರೋಗ್ಯ ಸಂಸ್ಥೆಯ ೨೦೨೫ರ ವರದಿಯ ಪ್ರಕಾರ ಜಗತ್ತಿನ ಆರು ಮಂದಿಯಲ್ಲಿ ಒಬ್ಬರು ಈ ಬಾಧೆಗೆ ಒಳಗಾಗಿದ್ದಾರೆ. ಒಂದು ಸಂಜೆಯ ಆಟ ಇದಕ್ಕೆ ಔಷಧವೆಂದು ಯಾರೂ ಹೇಳಲಾರರು. ಆದರೆ ಮರುದಿನ ದೂರವಾಣಿಯಲ್ಲಿ ಕರೆದು ಮಾತನಾಡಬಹುದಾದ ಒಬ್ಬ ಪರಿಚಿತರನ್ನು ಆಟ ಒದಗಿಸಿಕೊಟ್ಟರೆ ಅದು ಅಲ್ಪವೇನೂ ಅಲ್ಲ.

ಹೀಗಿರುವಲ್ಲಿ ಪ್ರತಿಯೊಂದು ಆಟಕ್ಕೂ ಕೇಳಬೇಕಾದ ಪ್ರಶ್ನೆ ಒಂದೇ: ಇದನ್ನು ಆಡಬೇಕಾದರೆ ಅಪರಿಚಿತರು ಒಬ್ಬರನ್ನೊಬ್ಬರು ಮಾತನಾಡಿಸಲೇಬೇಕೆ? ಈ ಒರೆಗಲ್ಲಿಗೆ ಹಚ್ಚಿದರೆ ರೂಢಿಯ ಆಟಗಳು ಬಹುಮಟ್ಟಿಗೆ ಸೋಲುತ್ತವೆ. ತಂಬೋಲದಲ್ಲಿ ಪ್ರತಿಯೊಬ್ಬರ ಕಣ್ಣೂ ತಮ್ಮ ತಮ್ಮ ಚೀಟಿಯ ಮೇಲೆ. ಕುರ್ಚಿಯಾಟದಲ್ಲಂತೂ ನಿಧಾನಸ್ಥರು, ಸಂಕೋಚದವರು, ಮೊಣಕಾಲು ನೋವಿನವರು ಮೊದಲ ಸುತ್ತಿನಲ್ಲೇ ಹೊರಬಿದ್ದು ಗೋಡೆಗೊರಗಿ ಕೂರುತ್ತಾರೆ; ಯಾರನ್ನು ಸೇರಿಸಿಕೊಳ್ಳಬೇಕಿತ್ತೋ ಅವರನ್ನೇ ಮೊದಲು ಹೊರಗಟ್ಟುವ ಆಟವದು. ಅಂತ್ಯಾಕ್ಷರಿ ಇವೆರಡಕ್ಕಿಂತ ಮೇಲು. ಆದರೂ ಇಪ್ಪತ್ತು ಜನರ ತಂಡದಲ್ಲಿ ಹಾಡುವವರು ನಾಲ್ವರು, ಚಪ್ಪಾಳೆ ತಟ್ಟುವವರು ಹದಿನಾರು.

ತಂಡ ಕಟ್ಟಿ ಸ್ಪರ್ಧೆ ಹೂಡಿದರೆ ಸ್ನೇಹ ತಾನಾಗಿ ಬೆಳೆಯುವುದೆಂಬ ನಂಬಿಕೆ ಸಾಮಾನ್ಯವಾಗಿದೆ. ಇದನ್ನು ಕುರಿತು ಒಂದು ಪ್ರಸಿದ್ಧ ಪ್ರಯೋಗವಿದೆ. ೧೯೫೪ರ ಬೇಸಗೆಯಲ್ಲಿ ಸಮಾಜಮನೋವಿಜ್ಞಾನಿ ಮುಜಾಫರ್ ಷೆರಿಫ್ ಮತ್ತು ಸಂಗಡಿಗರು ಅಮೆರಿಕದ ಓಕ್ಲಹೋಮಾದ ರಾಬರ್ಸ್ ಕೇವ್ ಉದ್ಯಾನದಲ್ಲಿ ೨೨ ಬಾಲಕರ ಶಿಬಿರವೊಂದನ್ನು ಏರ್ಪಡಿಸಿದರು. ಬಾಲಕರನ್ನು ಎರಡು ತಂಡ ಮಾಡಿ, ಹಗ್ಗಜಗ್ಗಾಟ, ಬೇಸ್‌ಬಾಲ್ ಮೊದಲಾದ ಪಂದ್ಯಗಳನ್ನು ಹೂಡಿ ಬಹುಮಾನಗಳನ್ನು ಇಟ್ಟರು. ಕೆಲವೇ ದಿನಗಳಲ್ಲಿ ಒಂದು ತಂಡದವರು ಇನ್ನೊಂದು ತಂಡದ ಬಾವುಟವನ್ನು ಸುಟ್ಟರು, ಬಿಡಾರಗಳ ಮೇಲೆ ದಾಳಿ ನಡೆಸಿದರು. ಎಲ್ಲರನ್ನೂ ಒಟ್ಟಿಗೆ ಊಟಕ್ಕೆ ಕೂರಿಸಿದರೂ ಫಲ ಕಾಣಲಿಲ್ಲ. ಊಟದ ಪದಾರ್ಥಗಳನ್ನೇ ಪರಸ್ಪರ ಎಸೆದಾಡಿದರು. ಸಹಭೋಜನದಿಂದಲೇ ಸಕಲವೂ ಸಾಧ್ಯವೆಂದು ತಿಳಿದ ಸಮಿತಿಗಳು ಈ ಅಂಶವನ್ನು ಗಮನಿಸಬೇಕು. ಅನಂತರ ಸಂಶೋಧಕರು ಇಬ್ಬರಿಗೂ ಬೇಕಾದ, ಒಬ್ಬರಿಂದಲೇ ಆಗದ ಕೆಲಸಗಳನ್ನು ಒಡ್ಡಿದರು. ಶಿಬಿರದ ನೀರಿನ ಸರಬರಾಜು ನಿಂತುಹೋಯಿತು. ಆಹಾರ ತರಬೇಕಾದ ಲಾರಿ ಚಾಲೂ ಆಗದೆ ಹೋಯಿತು. ಬಾಲಕರೆಲ್ಲ ಸೇರಿ, ಹಿಂದೆ ಯಾವ ಹಗ್ಗ ಹಿಡಿದು ಪರಸ್ಪರ ಜಗ್ಗಾಡಿದ್ದರೋ ಅದೇ ಹಗ್ಗವನ್ನು ಲಾರಿಗೆ ಕಟ್ಟಿ ಎಳೆದರು. ಇಂತಹ ಕೆಲಸಗಳು ಒಂದರ ಮೇಲೊಂದು ನಡೆದಂತೆ ವೈರ ಇಳಿಯಿತು. ಬಾಲಕರನ್ನು ಸಂಶೋಧಕರೇ ಕೆಣಕಿದರೆಂಬ ಆಕ್ಷೇಪ ಈ ಪ್ರಯೋಗದ ಮೇಲೆ ಉಂಟು. ಆದರೂ ಆಟವನ್ನು ಆಯುವವರಿಗೆ ಇದರಲ್ಲಿ ಸೂಚನೆಯಿದೆ: ಮೈಸೂರಿನವರು ಒಂದು ಕಡೆ, ಉತ್ತರ ಕರ್ನಾಟಕದವರು ಇನ್ನೊಂದು ಕಡೆ ಎಂದು ವಿಂಗಡಿಸಿ ಸ್ಪರ್ಧೆ ಹೂಡುವುದಕ್ಕಿಂತ, ಒಬ್ಬರ ಬಳಿ ಇರುವುದು ಇನ್ನೊಬ್ಬರಿಗೆ ಬೇಕಾಗುವಂತೆ ಆಟವನ್ನು ಕಟ್ಟುವುದು ಲೇಸು.

ತಂಡದ ಗಾತ್ರವೂ ಮುಖ್ಯ. ಜನರು ತಾವಾಗಿ ಗುಂಪುಗೂಡಿ ಹರಟುವಾಗ ಒಂದು ಮಾತುಕತೆಯಲ್ಲಿ ಸಾಮಾನ್ಯವಾಗಿ ನಾಲ್ವರಿಗಿಂತ ಹೆಚ್ಚು ಮಂದಿ ನಿಲ್ಲುವುದಿಲ್ಲ, ಐದನೆಯವರು ಸೇರಿದರೆ ಗುಂಪು ಒಡೆಯುತ್ತದೆ ಎಂಬುದನ್ನು ರಾಬಿನ್ ಡನ್ಬಾರ್ ಮತ್ತು ಸಂಗಡಿಗರು ೧೯೯೫ರಲ್ಲಿ ತೋರಿಸಿದರು. ಆದುದರಿಂದ ನಾಲ್ವರ ತಂಡವೇ ಉತ್ತಮ.

ಹೊರನಾಡಿನ ಕೂಟಕ್ಕೆ ಹೇಳಿ ಮಾಡಿಸಿದಂತಹ ಆಟವೊಂದು ಕನ್ನಡದ ಪ್ರಾಂತ್ಯಭೇದದಲ್ಲೇ ಅಡಗಿದೆ. ಒಂದು ಚೀಟಿಯಲ್ಲಿ ‘ಈರುಳ್ಳಿ’, ಇನ್ನೊಂದರಲ್ಲಿ ‘ಉಳ್ಳಾಗಡ್ಡಿ’, ಮತ್ತೊಂದರಲ್ಲಿ ‘ನೀರುಳ್ಳಿ’ ಎಂದು ಬರೆದು, ನಾಲ್ಕನೆಯದರಲ್ಲಿ ಅದರ ಚಿತ್ರವನ್ನು ಬಿಡಿಸಬೇಕು. ಹಾಗೆಯೇ ಕಡಲೆಕಾಯಿ, ಶೇಂಗಾ, ನೆಲಗಡಲೆ. ಸೀಬೆ, ಪೇರಲ, ಚೇಪೆ. ನಲವತ್ತು ಮಂದಿಗೆ ಇಂತಹ ಹತ್ತು ಪದಾರ್ಥಗಳು ಸಾಕು. ಚೀಟಿಗಳನ್ನು ಕಲಸಿ ಹಂಚಿದ ಮೇಲೆ ಪ್ರತಿಯೊಬ್ಬರೂ ತಮ್ಮ ಮೂವರು ಸಂಗಾತಿಗಳನ್ನು ಹುಡುಕಿಕೊಳ್ಳಬೇಕು. ನೀರುಳ್ಳಿ ಎಂದರೇನೆಂದು ಅರಿಯದ ಬಳ್ಳಾರಿಯವರು ಮಂಗಳೂರಿನವರನ್ನು ಕೇಳದೆ ಗತ್ಯಂತರವಿಲ್ಲ. ನಗರದಲ್ಲೇ ಹುಟ್ಟಿ ಕನ್ನಡ ಅಕ್ಷರ ಕಲಿಯದ ಮಕ್ಕಳಿಗೆ ಚಿತ್ರದ ಚೀಟಿಯನ್ನು ಕೊಟ್ಟರೆ ಅವರಿಗೆ ಮುಜುಗರವಾಗದು. ನಾಲ್ವರೂ ಸೇರಿದ ಮೇಲೆ, ಆ ಪದಾರ್ಥದಿಂದ ತಮ್ಮ ತಮ್ಮ ಮನೆಯಲ್ಲಿ ಏನು ಮಾಡುತ್ತಾರೆಂಬುದನ್ನು ಪರಸ್ಪರ ತಿಳಿದುಕೊಂಡು, ಒಬ್ಬರು ಇನ್ನೊಬ್ಬರ ಪರವಾಗಿ ಸಭೆಗೆ ಹೇಳಬೇಕು. ಇದಕ್ಕೆ ಬಹುಮಾನವೇ ಬೇಡ. (ಉಳ್ಳಾಗಡ್ಡಿ ಸರಿಯೋ ಈರುಳ್ಳಿ ಸರಿಯೋ ಎಂಬ ಜಗಳಕ್ಕೆ ಐದು ನಿಮಿಷ ಹೆಚ್ಚು ಇಟ್ಟುಕೊಳ್ಳುವುದು ಕ್ಷೇಮ.)

ಗಾದೆಗಳನ್ನು ಎರಡು ತುಂಡು ಮಾಡಿ ಹಂಚುವ ಆಟವೂ ಇದೇ ಜಾತಿಯದು: ‘ಕೈ ಕೆಸರಾದರೆ’ ಎಂಬ ಚೀಟಿಯವರು ‘ಬಾಯಿ ಮೊಸರು’ ಇರುವವರನ್ನು ಹುಡುಕಬೇಕು. ಇನ್ನೊಂದು, ಹುಡುಕು ಹಾಳೆ. ಹನ್ನೆರಡು ಮನೆಗಳ ಕಾಗದದಲ್ಲಿ ‘ಚೌಕಾಬಾರ ಬಲ್ಲವರು’, ‘ಯಕ್ಷಗಾನಕ್ಕೆ ಬಣ್ಣ ಹಚ್ಚಿದವರು’, ‘ಜೋಳದ ರೊಟ್ಟಿಯನ್ನು ಕೈಯಿಂದಲೇ ಬಡಿಯಬಲ್ಲವರು’ ಎಂದು ಬರೆದು, ಪ್ರತಿ ಮನೆಯಲ್ಲಿ ಬೇರೆ ಬೇರೆ ವ್ಯಕ್ತಿಯ ಹೆಸರನ್ನು ಪಡೆಯಬೇಕು. ಇಲ್ಲಿ ಅಜ್ಜನೊಬ್ಬರಿಗೆ, ಅವರ ಮೊಮ್ಮಗನಲ್ಲದ ಬಾಲಕನನ್ನು ಜೊತೆ ಮಾಡತಕ್ಕದ್ದು. ಓದುವುದು ಅಜ್ಜನ ಕೆಲಸ, ಓಡುವುದು ಬಾಲಕನ ಕೆಲಸ.

ಪ್ರಶ್ನೆಗಳ ಆಟದಲ್ಲಿ ಹದವರಿಯಬೇಕು. ಅಪರಿಚಿತರಿಬ್ಬರು ಮುಕ್ಕಾಲು ಗಂಟೆ ಕುಳಿತು ಕ್ರಮೇಣ ಆಪ್ತವಾಗುವ ಪ್ರಶ್ನೆಗಳಿಗೆ ಉತ್ತರಿಸಿಕೊಂಡರೆ, ಬರಿಯ ಹರಟೆಗಿಂತ ಹೆಚ್ಚು ನಿಕಟತೆ ಹುಟ್ಟುವುದೆಂದು ಆರ್ಥರ್ ಆರನ್ ಮತ್ತು ಸಂಗಡಿಗರು ೧೯೯೭ರಲ್ಲಿ ಪ್ರಕಟಿಸಿದರು. ಕ್ರಮೇಣ ಎಂಬುದೇ ಇಲ್ಲಿನ ಮರ್ಮ. ಬಾಲ್ಯದ ಊರಿನ ಕೆರೆ, ಮೊದಲು ನೋಡಿದ ಚಲನಚಿತ್ರ, ಈ ನಗರದಲ್ಲಿ ದಾರಿ ತಪ್ಪಿದ ದಿನ, ಇವು ಎಲ್ಲರಿಗೂ ಸಲ್ಲುತ್ತವೆ. ಜಾತಿ, ಸಂಬಳ, ಮದುವೆ ಏಕಾಗಿಲ್ಲ, ಮಕ್ಕಳೆಷ್ಟು ಎಂಬುವು ಆಟದ ಚೀಟಿಯಲ್ಲಿ ಎಂದಿಗೂ ಇರಕೂಡದು. ಮಕ್ಕಳಿಲ್ಲದ ದಂಪತಿಗಳು ಸಂಘದಿಂದ ದೂರವಾಗಲು ಇಂತಹ ಒಂದು ಪ್ರಶ್ನೆ ಸಾಕು.

ದೇಹದ ವಿಚಾರದಲ್ಲೂ ಕೆಲವು ಎಚ್ಚರಿಕೆಗಳು ಅವಶ್ಯ. ವೃದ್ಧರನ್ನು ನುಣುಪು ನೆಲದ ಮೇಲೆ ಓಡಿಸುವ, ಕಣ್ಣಿಗೆ ಬಟ್ಟೆ ಕಟ್ಟುವ ಆಟಗಳು ಬೇಡ. ಒಮ್ಮೆ ಬಿದ್ದು ಸೊಂಟದ ಕೀಲಿನ ಮೂಳೆ ಮುರಿದರೆ ಅನೇಕರು ಮೊದಲಿನಂತೆ ಓಡಾಡಲಾರರು. ಒಂದೇ ಚಮಚವನ್ನು ಬಾಯಿಂದ ಬಾಯಿಗೆ ದಾಟಿಸುವ ನಿಂಬೆಹಣ್ಣಿನ ಓಟವೂ, ಲಾಡು ತಿನ್ನುವ ಪಂದ್ಯವೂ ವರ್ಜ್ಯ. ಅವಸರದಲ್ಲಿ ನುಂಗಿದ ತುತ್ತು ಶ್ವಾಸನಾಳಕ್ಕೆ ಅಡ್ಡವಾದರೆ ಪ್ರಾಣಕ್ಕೇ ಅಪಾಯ. ಕಿವಿ ಮಂದವಾದವರು ಗದ್ದಲದಲ್ಲಿ ಮಾತು ತಿಳಿಯದೆ ಸುಮ್ಮನಾಗಿಬಿಡುತ್ತಾರೆ. ಅದನ್ನು ಬಿಗುಮಾನವೆಂದು ತಪ್ಪು ತಿಳಿಯುವವರೇ ಹೆಚ್ಚು. ಆಟದ ಹೊತ್ತಿನಲ್ಲಿ ಧ್ವನಿವರ್ಧಕದ ಸಂಗೀತವನ್ನು ನಿಲ್ಲಿಸಿ, ಎದುರಿನವರ ಮುಖ ಕಾಣುವಷ್ಟು ಬೆಳಕಿರುವ ಕಡೆ ಅವರನ್ನು ಕೂರಿಸಬೇಕು.

ಎಲ್ಲಕ್ಕಿಂತ ಮುಖ್ಯವಾಗಿ ಊಟದ ವೇಳೆ ಮೀರಕೂಡದು. ಇನ್ಸುಲಿನ್ ಅಥವಾ ಕೆಲವು ಬಗೆಯ ಮಾತ್ರೆ ತೆಗೆದುಕೊಂಡ ಮಧುಮೇಹಿಗಳಿಗೆ ಊಟ ತಡವಾದರೆ ರಕ್ತದ ಸಕ್ಕರೆ ಇಳಿದು ಬೆವರು, ನಡುಕ, ಮಂಕು ಕವಿಯಬಹುದು. ಎಚ್ಚರವಿದ್ದು ನುಂಗಬಲ್ಲ ಸ್ಥಿತಿಯಲ್ಲಿದ್ದರೆ ಕೂಡಲೇ ಸಕ್ಕರೆ ಕದಡಿದ ನೀರನ್ನೋ ಹಣ್ಣಿನ ರಸವನ್ನೋ ಕೊಡಬೇಕು. ಎಚ್ಚರ ತಪ್ಪಿದ್ದರೆ ಬಾಯಿಗೆ ಏನನ್ನೂ ಹಾಕದೆ ಆಸ್ಪತ್ರೆಗೆ ಸಾಗಿಸಬೇಕು. ನಲವತ್ತು ನಿಮಿಷಕ್ಕೆ ಆಟವನ್ನು ನಿಲ್ಲಿಸಿ, ಈರುಳ್ಳಿಯ ನಾಲ್ವರನ್ನೂ ಶೇಂಗಾದ ನಾಲ್ವರನ್ನೂ ಹಾಗೆಯೇ ಒಂದೊಂದು ಪಂಕ್ತಿಯಲ್ಲಿ ಊಟಕ್ಕೆ ಕೂರಿಸುವುದು ಒಳ್ಳೆಯದು. ಲೆಕ್ಕ ನಾಲ್ಕಕ್ಕೆ ಸರಿಹೊಂದದೆ ಯಾರಾದರೂ ಒಬ್ಬರು ಉಳಿದರೆ ಸಂಘದ ಅಧ್ಯಕ್ಷರೂ ಕಾರ್ಯದರ್ಶಿಯೂ ವೇದಿಕೆಯಿಂದಿಳಿದು ಅವರ ತಂಡಕ್ಕೆ ಸೇರಿಕೊಳ್ಳಲಿ.